ಮೈಕು ಕಚ್ಚಿದ ನಾಲ್ಕನೆಯ ಹಾಡು

ಓದುವ ಎಲ್ಲರಿಗೂ ನನ್ನ ನಮಸ್ಕಾರ. ನಾನು ಬರೆದು ರೂಢಿ ಇರುವವನಲ್ಲ. ಮದುವೆಯಾಗಿ, ಮಗಳು ಹುಟ್ಟಿದ ಮೇಲೆ, ಹತ್ತನೆಯ ತರಗತಿಯನ್ನು ಹೊರಗಿನಿಂದ ಕಟ್ಟಿ ಪಾಸು ಮಾಡಿದವನು. ಇದನ್ನು ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ. ಒಂದು ಸಾಲು ಮುಗಿಯುವಷ್ಟರಲ್ಲಿ ಪಕ್ಕದ ಟೀ ಆರಿಹೋಗಿರುತ್ತದೆ. ಅಕ್ಷರ ತಪ್ಪಿದ್ದರೆ, ಮಾತು ಹಿಂದುಮುಂದಾಗಿದ್ದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ. ವಿಷಯ ಮಾತ್ರ ನಾನು ಕಣ್ಣಾರೆ ಕಂಡದ್ದು.

ನಮ್ಮ ಮೈಸೂರಿನಲ್ಲಿ ಒಂದು ಬ್ಯಾಂಡು ಇದೆ. ಮದುವೆ ಮೆರವಣಿಗೆಯ ಬ್ಯಾಂಡಲ್ಲ. ಎರಡು ಗಿಟಾರು, ಒಂದು ಡ್ರಮ್ಮು, ಒಬ್ಬ ಹಾಡುವವನು, ಹೀಗೆ ನಾಲ್ಕು ಜನ. ಅವರ ಹೆಸರು ಬರೆಯುವುದಿಲ್ಲ, ಬೇಡ. ಆ ಹಾಡುವವನ ಜೀವ ಉಳಿಯಬೇಕು ಅನ್ನುವುದೊಂದೇ ಈಗ ನನ್ನ ಆಸೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮಾತಿನಲ್ಲಿ ಕಳೆದುಹೋಗಬಾರದು.

ಅವರ ಹಾಡು ನನ್ನ ಕಿವಿಗೆ ಬಿದ್ದದ್ದು ಬಸ್ಸಿನಲ್ಲಿ. ನಾನು ನರಸೀಪುರದ ಕಡೆಯ ಸಣ್ಣ ಊರಿನವನು. ಕೆಸರೆಯಲ್ಲಿ ಬಾಡಿಗೆ ಮನೆ, ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಶಿಫ್ಟಿಗೆ ಹೋಗುವ ಬಸ್ಸಿನಲ್ಲಿ ವಿಜ್ಞಾನದ ಗೈಡು ತೆರೆದು ಬಾಯಿಪಾಠ ಮಾಡುತ್ತಿದ್ದೆ. ಪಕ್ಕದ ಸೀಟಿನಲ್ಲಿ ದಿನವೂ ಒಬ್ಬ ಕೂರುತ್ತಿದ್ದ. ನನಗಿಂತ ಚಿಕ್ಕವನು, ಅದೇ ಕಾರ್ಖಾನೆ, ಅದೇ ಕೆಸರೆ. ಒಂದು ದಿನ ಬಗ್ಗಿ ನನ್ನ ಪುಸ್ತಕ ನೋಡಿದ.

"ಏನ್ ಗುರು, ಈ ವಯಸ್ಸಲ್ಲಿ ಬೆಳಕಿನ ವಕ್ರೀಭವನ?"

"ಪಾಸಾಗ್ಬೇಕು ಕಣಪ್ಪ. ಮಗಳು ಸ್ಕೂಲಿಗ್ ಸೇರೋದ್ರೊಳಗೆ."

ಅವನು ನಗಲಿಲ್ಲ. ತನ್ನ ಇಯರ್‌ಫೋನಿನ ಒಂದು ತುದಿಯನ್ನು ಅಂಗಿಗೆ ಒರೆಸಿ ನನಗೆ ಕೊಟ್ಟ. "ಇದ್ ಕೇಳು. ಇವ್ರೂ ನಿನ್ ತರಾನೇ, ತಪ್ಪ್ ತಪ್ಪಾಗೇ ಶುರು ಮಾಡವ್ರೆ."

ಆ ವರ್ಷ ನಾನು ಪಾಸಾದೆ. ಗಣಿತವನ್ನು ಅವನೇ ಬಸ್ಸಿನಲ್ಲಿ ಹೇಳಿಕೊಟ್ಟ. ಅವನನ್ನು ಇಲ್ಲಿ ಗೆಳೆಯ ಎಂದೇ ಕರೆಯುತ್ತೇನೆ. ಈಗ ಅವನು ನನ್ನ ಜೊತೆ ಮಾತಾಡುವುದಿಲ್ಲ, ಆದರೂ ಬೇರೆ ಪದ ನನ್ನ ಹತ್ತಿರ ಇಲ್ಲ.

ಆ ಹಾಡುಗಳನ್ನು ಬ್ಯಾಂಡಿನವರು ಕಾಲೇಜಿನಲ್ಲಿದ್ದಾಗ ಸಿದ್ಧಾರ್ಥನಗರದ ಒಂದು ಮನೆಯ ತಾರಸಿಯ ಮೇಲೆ, ಸಿಮೆಂಟ್ ಶೀಟು ಹೊದಿಸಿದ ರೂಮಿನಲ್ಲಿ ಹಾಡಿದ್ದರು. ಎಂಟು ಹಾಡು. ಒಂದು ಹಳೆಯ ಆಂಪ್ಲಿಫೈಯರು, ಒಂದು ಮೈಕು, ಒಂದು ಕಂಪ್ಯೂಟರು, ಅಷ್ಟೇ ಸಾಮಾನು. ಮೊದಲನೆಯ ಹಾಡಿನ ನಡುವೆ ಕೆಳಗಿನ ಮನೆಯ ಕುಕ್ಕರ್ ಕೂಗುತ್ತದೆ. ಎರಡನೆಯದರಲ್ಲಿ ಡ್ರಮ್ಮಿನವನ ಕಡ್ಡಿ ಕೈಯಿಂದ ಜಾರಿ ಬಿದ್ದು, ಉರುಳಿ, ಗೋಡೆಗೆ ತಾಗಿ ನಿಲ್ಲುವುದು ಕೇಳುತ್ತದೆ. ಗಾಳಿ ಬಂದಾಗ ಶೀಟು ಬಡಿದುಕೊಳ್ಳುತ್ತದೆ. ಮತ್ತೆ ಎಲ್ಲ ಹಾಡುಗಳ ಕೆಳಗೂ, ನೀರಿನ ಕೆಳಗೆ ಕೆಸರು ಇರುವ ಹಾಗೆ, ಒಂದು ಗುಂಯ್ ಅನ್ನುವ ಶಬ್ದ.

ನಾಲ್ಕನೆಯ ಹಾಡು ಶುರುವಾಗುವ ಮೊದಲು ಹಾಡುವವನು ಸ್ಟ್ಯಾಂಡಿನಿಂದ ಮೈಕನ್ನು ಕೈಗೆ ತೆಗೆದುಕೊಳ್ಳುತ್ತಾನೆ. ಕೊರ್ರ್ ಎನ್ನುತ್ತದೆ. ಆಗ ಅವನು ಹಲ್ಲಿನ ಸಂದಿಯಿಂದ 'ಸ್ಸ್' ಎಂದು ಉಸಿರೆಳೆದುಕೊಳ್ಳುತ್ತಾನೆ. ಒಂದು ಕ್ಷಣ ಬರೀ ಗುಂಯ್. ಆಮೇಲೆ ನಗು.

"ಮತ್ತೆ ಕಚ್ತು ಕಣ್ರೋ."

"ಮುತ್ ಕೊಡ್ತು ಬುಡು ಮಗಾ," ಎಂದು ದೂರದಿಂದ ಇನ್ನೊಬ್ಬ.

ಆ ನಗುವಿನ ಮೇಲೆಯೇ ಗಿಟಾರು ಎದ್ದು ಬರುತ್ತದೆ. ಅದನ್ನು ಕೇಳಿದರೆ ಯಾರಿಗಾದರೂ ಮೈ ಜುಮ್ಮೆನ್ನಬೇಕು. ಕರೆಂಟು ಹೊಡೆದವನು ನಗುತ್ತಾ ಹಾಡಿದ್ದಾನಲ್ಲ, ಇನ್ನೇನು ಬೇಕು ಎಂದು ನಾನೂ ಅಂದುಕೊಳ್ಳುತ್ತಿದ್ದೆ.

ಆಮೇಲೆ ಅವರು ಬೆಳೆದರು. ಬೆಂಗಳೂರಿನ ಸ್ಟುಡಿಯೋದಲ್ಲಿ ಅದೇ ಎಂಟು ಹಾಡುಗಳನ್ನು ಮತ್ತೆ ಹಾಡಿದರು. ಕುಕ್ಕರ್ ಇಲ್ಲ, ಶೀಟಿಲ್ಲ, ಗುಂಯ್ ಇಲ್ಲ. ಗೆಳೆಯ ಅದನ್ನು ಪೂರ್ತಿ ಕೇಳಿ ಇಯರ್‌ಫೋನ್ ತೆಗೆದು, "ಚೆನ್ನಾಗ್ ತೊಳ್ದವ್ರೆ. ರುಚೀನೂ ಹೋಯ್ತು," ಅಂದ.

ನಮ್ಮಂಥವರು ಬಹಳ ಜನ ಇದ್ದರು. ಒಂದು ಗುಂಪಾಯಿತು. ಭಾನುವಾರ ಸಂಜೆ ಕೆಸರೆಯಲ್ಲಿ ಗೆಳೆಯನ ಮನೆಯ ತಾರಸಿ ಮೇಲೆ ಸ್ಪೀಕರ್ ಇಟ್ಟು ಹಳೆಯ ಎಂಟು ಹಾಡುಗಳನ್ನು ಕೇಳುವುದು ರೂಢಿಯಾಯಿತು. ಕೇಳುವಾಗ ಯಾರೂ ಮಾತಾಡಬಾರದು, ಫೋನು ನೋಡಬಾರದು. ಮುಗಿದ ಮೇಲೆ ಜಗಳ. ಕುಕ್ಕರ್ ಶ್ರುತಿಯಲ್ಲಿ ಕೂಗಿದೆಯೋ ಇಲ್ಲವೋ ಎಂದು ಎರಡು ಪಕ್ಷವಾಗಿತ್ತು.

"ಶ್ರುತಿ ಗಿತಿ ಏನಿಲ್ಲ ಕಣ್ರೀ, ಅವತ್ತು ಅವ್ರ ಮನೇಲಿ ಉಳ್ಳಿಕಾಳ್ ಸಾರು, ಅದ್ಕೇ ಅಷ್ಟೊತ್ ಕೂಗಿರೋದು."

"ಉಳ್ಳಿಕಾಳೋ ತೊಗ್ರಿಬೇಳೆಯೋ, ಅದ್ ಇಲ್ದಿದ್ರೆ ಹಾಡೇ ಕುಂಟು."

ಬ್ಯಾಂಡಿನ ಕಾರ್ಯಕ್ರಮ ಎಲ್ಲೇ ನಡೆದರೂ ನಮ್ಮ ಗುಂಪು ಮುಂದೆ ನಿಲ್ಲುತ್ತಿತ್ತು. ನಾಲ್ಕನೆಯ ಹಾಡು ಬರುವಾಗ ನಾವೆಲ್ಲ ಒಟ್ಟಿಗೆ 'ಸ್ಸ್' ಎಂದು ಉಸಿರೆಳೆದು, "ಮತ್ತೆ ಕಚ್ತು" ಎಂದು ಕೂಗುವುದು. ಹಾಡುವವನೂ ಮೈಕು ಮುಟ್ಟಿ ಬೆಚ್ಚಿದವನ ಹಾಗೆ ಮಾಡಿ ನಗುತ್ತಿದ್ದ. ಯಾರೋ ಬನಿಯನ್ನಿನ ಮೇಲೆ ಆ ಮಾತು ಅಚ್ಚು ಹಾಕಿಸಿಕೊಟ್ಟರು. ನನ್ನ ಹತ್ತಿರವೂ ಒಂದಿತ್ತು. ಕಪ್ಪು ಬಣ್ಣದ್ದು.

ಈಗ ಟೀ ಅಂಗಡಿಯ ವಿಷಯ ಬರೆಯಬೇಕು. ಬರೆಯಲು ಬೆರಳು ಬರುತ್ತಿಲ್ಲ, ಆದರೂ ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ.

ಕಾರ್ಖಾನೆಯ ಬಸ್ಸು ಇಳಿಯುವ ಕಡೆ ಒಬ್ಬ ಅಣ್ಣ ಸಣ್ಣ ಟೀ ಅಂಗಡಿ ಇಟ್ಟಿದ್ದ. ಅಂಗಡಿಯಲ್ಲಿ ಒಂದು ಹಳೆಯ ಫ್ರಿಜ್ಜು. ಅದನ್ನು ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಯಾರಾದರೂ ತಾವೇ ನೀರಿನ ಬಾಟಲಿ ತೆಗೆಯಲು ಹೋದರೆ ಅಣ್ಣ ಒಲೆಯ ಮುಂದಿನಿಂದಲೇ ಹೇಳುತ್ತಿದ್ದ: "ಅಂಗೈಲಿ ಇಡೀಬೇಡಿ ಸ್ವಾಮಿ, ಕೈ ಹಿಂದ್ಗಡೆಯಿಂದ ತಳ್ಳಿ. ಅಂಗೈಲಿ ಇಡುದ್ರೆ ಬುಡಲ್ಲ, ನಮ್ಮನೆಯೋಳ್ ತರ." ನಾವು ನಗುತ್ತಿದ್ದೆವು. ಅವನಿಗೇ ದಿನಕ್ಕೆ ಹತ್ತು ಸಲ ಹೊಡೆಯುತ್ತಿತ್ತು. 'ಸ್ಸ್' ಅನ್ನುತ್ತಿದ್ದ, ನಗುತ್ತಿದ್ದ, ಟೀ ಸೋಸುತ್ತಿದ್ದ. ಅವನ ನಗು ಕೇಳಿದರೆ ನನಗೆ ನಾಲ್ಕನೆಯ ಹಾಡೇ ನೆನಪಾಗುತ್ತಿತ್ತು. ಅದನ್ನು ಗೆಳೆಯನಿಗೂ ಹೇಳಿದ್ದೆ.

ಒಂದು ಬೆಳಿಗ್ಗೆ ಮಳೆ ಬಂದು ನಿಂತಿತ್ತು. ಅಂಗಡಿಯೊಳಗೆ ಕೆಸರಾಗಿತ್ತು ಎಂದು ಅಣ್ಣ ನೆಲ ತೊಳೆದಿದ್ದ. ಚಪ್ಪಲಿ ಹೊರಗಿತ್ತು. ನಾವು ಐದಾರು ಜನ ಲೋಟ ಹಿಡಿದು ನಿಂತಿದ್ದೆವು. ಅವನು ಹಾಲಿನ ಪ್ಯಾಕೆಟ್ ತೆಗೆಯಲು ಫ್ರಿಜ್ಜಿನ ಹಿಡಿ ಹಿಡಿದ. 'ಸ್ಸ್' ಕೇಳಿಸಿತು. ನಮ್ಮಲ್ಲಿ ಒಬ್ಬರಿಬ್ಬರು ನಗಲು ಬಾಯಿ ತೆರೆದಿದ್ದರು. ಅವನ ನಗು ಬರಲಿಲ್ಲ. ಅವನು ಬೆನ್ನು ನಮ್ಮ ಕಡೆ ಮಾಡಿ ನಿಂತೇ ಇದ್ದ, ಏನೋ ಯೋಚಿಸುತ್ತಿರುವವನ ಹಾಗೆ. ಯಾರೋ ಮರದ ಬೆಂಚು ಎತ್ತಿ ಅದರಿಂದ ಅವನ ಕೈಯನ್ನು ತಳ್ಳಿ ಬಿಡಿಸಿದರು, ಇನ್ನೊಬ್ಬರು ಪ್ಲಗ್ಗು ಕಿತ್ತರು. ಆಟೋದಲ್ಲಿ ಕರೆದುಕೊಂಡು ಹೋದರು. ಅವನು ವಾಪಸು ಬರಲಿಲ್ಲ.

ಗೆಳೆಯನೂ ಅಂದು ಅಲ್ಲಿದ್ದ. ಅವನೂ ಅತ್ತ. ಅದನ್ನು ಬರೆಯದೆ ಬಿಟ್ಟರೆ ಅವನಿಗೆ ಅನ್ಯಾಯ ಮಾಡಿದ ಹಾಗೆ.

ಆ ಭಾನುವಾರ ತಾರಸಿಯಲ್ಲಿ ನಾಲ್ಕನೆಯ ಹಾಡು ಬಂತು. 'ಸ್ಸ್' ಆದ ಮೇಲೆ ಆ ಒಂದು ಕ್ಷಣ ಗುಂಯ್ ಇದೆಯಲ್ಲ, ಅದು ಮೊದಲಿಗಿಂತ ಉದ್ದವಾಗಿ ಕೇಳಿಸಿತು. ನಗು ಬರುತ್ತದೆ ಎಂದು ನನಗೆ ಗೊತ್ತು. ಎಷ್ಟೋ ಸಲ ಕೇಳಿದ್ದೇನೆ. ಆದರೂ ಈ ಸಲ ಬಾರದೇ ಹೋದರೆ ಅನ್ನಿಸಿತು. ನಗು ಬಂತು. ಸುತ್ತ ಕೂತವರೆಲ್ಲ ಕಣ್ಣು ಮುಚ್ಚಿ ಮುಗುಳ್ನಗುತ್ತಿದ್ದರು. ಮುಂದಿನ ವಾರಗಳಲ್ಲಿ ಮೂರನೆಯ ಹಾಡು ಮುಗಿಯುವಾಗ ನೀರು ಕುಡಿದು ಬರುತ್ತೇನೆ ಎಂದು ನಾನು ಕೆಳಗಿಳಿದು ಹೋಗುತ್ತಿದ್ದೆ.

ಹೀಗಿರುವಾಗ ಸಿದ್ಧಾರ್ಥನಗರದ ಮನೆಯವರು ಆ ಶೀಟಿನ ರೂಮನ್ನು ಒಡೆಸಿ ಮೇಲೆ ಇನ್ನೊಂದು ಅಂತಸ್ತು ಕಟ್ಟಿಸುತ್ತಾರಂತೆ ಎಂದು ಸುದ್ದಿ ಬಂತು. ಗುಂಪಿನಲ್ಲಿ ಸೂತಕದ ಕಳೆ. ಆಗ ಗೆಳೆಯನೇ ಒಂದು ಯೋಚನೆ ತೆಗೆದ. ರೂಮು ಒಡೆಯುವ ಮೊದಲು ಬ್ಯಾಂಡಿನವರನ್ನು ಅಲ್ಲಿಗೆ ಕರೆಸಿ, ಎಂಟೂ ಹಾಡುಗಳನ್ನು ಮೊದಲಿನ ಹಾಗೆಯೇ ಮತ್ತೊಮ್ಮೆ ಹಾಡಿಸುವುದು. ಅದೇ ರೂಮು, ಅದೇ ಆಂಪ್ಲಿಫೈಯರು, ಅದೇ ಮೈಕು. ಬ್ಯಾಂಡಿನವರು ಒಪ್ಪಿದರು. ಹಳೆಯ ಆಂಪ್ಲಿಫೈಯರು ಒಬ್ಬ ಗಿಟಾರಿನವನ ಅತ್ತೆ ಮನೆಯ ಅಟ್ಟದಲ್ಲಿತ್ತು. ಗೆಳೆಯ ಅದನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ತಂದ. ಅದು ಓಡುತ್ತಿರಲಿಲ್ಲ. ರಿಪೇರಿಗೆ ಕೊಟ್ಟ.

ಕಾರ್ಯಕ್ರಮಕ್ಕೆ ಒಂದು ವಾರ ಮುಂಚೆ, ಎಲ್ಲ ಸರಿ ಇದೆಯೇ ನೋಡೋಣ ಎಂದು ನಾವು ಕೆಲವರು ಆ ಮನೆಗೆ ಹೋದೆವು. ಆ ರೂಮನ್ನು ನಾನು ನೋಡಿದ್ದು ಅದೇ ಮೊದಲು. ಇಷ್ಟು ಚಿಕ್ಕದೇ ಅನ್ನಿಸಿತು. ಸಿಮೆಂಟು ನೆಲ, ಒಂದು ಕಿಟಕಿ, ಶೀಟಿನ ಸಂದಿಯಿಂದ ನೀರಿಳಿದು ಗೋಡೆಯ ಮೇಲೆ ಕಂದು ಗೆರೆಗಳು. ಸ್ವಿಚ್ ಬೋರ್ಡಿನ ಕೆಳಗಿನ ಗೋಡೆಯೂ ಹಸಿಯಾಗಿತ್ತು. ಕೆಲವರು ಚಪ್ಪಲಿ ಬಿಟ್ಟು ಒಳಗೆ ಹೋಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು.

ಮನೆಯ ಯಜಮಾನಿ ಹಣೆಗೆ ವಿಭೂತಿ ಹಚ್ಚಿದ ವಯಸ್ಸಾದ ತಾಯಿ. ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು.

"ನನ್ ಕುಕ್ಕರ್ ಬಂದದಂತಲ್ಲಪ್ಪ ನಿಮ್ ಹಾಡಲ್ಲಿ? ಹೆಸ್ರು ಹಾಕಿದ್ದೀರಾ?"

"ಕುಕ್ಕರ್ದೋ ನಿಮ್ದೋ ಅವ್ವಾ?" ಎಂದ ಗೆಳೆಯ.

"ಕೂಗಿದ್ದು ಅದು, ಇಟ್ಟೋಳ್ ನಾನು." ಆಮೇಲೆ ರೂಮಿನೊಳಗೆ ಕಣ್ಣಾಡಿಸಿ ನನ್ನ ಕಡೆ ತಿರುಗಿದರು. "ಈ ರೂಮಲ್ಲಿ ಬಟ್ಟೆ ಒಣಗಾಕದು ಬುಟ್ಟು ಎಷ್ಟೋ ವರ್ಷ ಆಯ್ತು ಕಣಪ್ಪ. ಮಳೆ ಬಂದ್ರೆ ಗೋಡೇನೂ ಜುಮ್ ಅಂತದೆ, ತಂತೀನೂ ಜುಮ್ ಅಂತದೆ. ಆ ಹುಡುಗ್ರಿಗೂ ಹೇಳ್ದೆ ಆವಾಗ್ಲೇ. ನಗ್ತಿದ್ರು."

ಗೆಳೆಯ ಆಂಪ್ಲಿಫೈಯರಿನ ಪ್ಲಗ್ಗು ಹಾಕಿದ. ದೀಪ ಹತ್ತಿತು. ನಾವೆಲ್ಲ ಉಸಿರು ಬಿಗಿಹಿಡಿದು ಕಿವಿಗೊಟ್ಟೆವು. ಏನೂ ಇಲ್ಲ. ಮೈಕಿನಲ್ಲಿ ಒಬ್ಬ ಹಲೋ ಎಂದ. ಶುದ್ಧವಾಗಿ ಹಲೋ ಎಂದು ಕೇಳಿಸಿತು. ಗುಂಯ್ ಇಲ್ಲ. ಎಲ್ಲರ ಮುಖ ಬಾಡಿತು. ದೇವಸ್ಥಾನಕ್ಕೆ ಹೋದವರಿಗೆ ಗರ್ಭಗುಡಿ ಖಾಲಿ ಕಂಡ ಹಾಗೆ.

ಗೆಳೆಯ ಆಂಪ್ಲಿಫೈಯರನ್ನು ಹಿಂದುಮುಂದು ತಿರುಗಿಸಿ ನೋಡಿ, ರಿಪೇರಿಯವನಿಗೆ ಫೋನು ಮಾಡಿದ. ಹಳೆಯ ಎರಡು ಪಿನ್ನಿನ ವೈರು ಕೊಳೆತಿತ್ತು, ಮೂರು ಪಿನ್ನಿನದು ಹಾಕಿ ಅರ್ಥಿಂಗ್ ಕೊಟ್ಟಿದ್ದೇನೆ, ಇನ್ನು ಗುಂಯ್ ಅನ್ನಲ್ಲ, ಶಾಕೂ ಹೊಡೆಯಲ್ಲ, ಆರಾಮಾಗಿ ಹಾಡಿ ಎಂದು ಅವನು ಸ್ಪೀಕರಿನಲ್ಲಿಯೇ ಹೇಳಿದ. ಗೆಳೆಯ ಫೋನು ಇಟ್ಟು, ಪ್ಲಗ್ಗು ಕಿತ್ತು, ಅದರ ಸ್ಕ್ರೂ ಬಿಚ್ಚಿ, ಅರ್ಥಿಂಗಿನ ಹಸಿರು ವೈರನ್ನು ಕತ್ತರಿಸಿ ಹೊರಗೆ ಬಿಟ್ಟ. ಮತ್ತೆ ಹಾಕಿದ.

ಗುಂಯ್.

ಎಲ್ಲರೂ ಚಪ್ಪಾಳೆ ಹೊಡೆದರು. ಒಬ್ಬನ ಕಣ್ಣಲ್ಲಿ ನೀರು. ಅದೇ ಶಬ್ದ, ಎಳ್ಳಷ್ಟೂ ಬೇರೆಯಲ್ಲ. ಇಷ್ಟು ದಿನ ಸ್ಪೀಕರಿನಿಂದ ಕೇಳಿದ್ದು ಈಗ ಎದುರಿಗೇ ಬಂದು ಕೂತಿತ್ತು. ಗೆಳೆಯ ಮೈಕಿನ ಜಾಲರಿಯನ್ನು ಒಂದು ಬೆರಳಿನಿಂದ ಮೆಲ್ಲಗೆ ಮುಟ್ಟಿ, ಕೈ ಹಿಂದಕ್ಕೆಳೆದುಕೊಂಡು ನಕ್ಕ. "ಅವ್ನೇ. ಅವ್ನೇ ಕಣ್ರೀ. ಬದ್ಕವ್ನೆ."

ಕೆಳಗಿಳಿಯುವಾಗ ನಾನು ಅವನ ತೋಳು ಹಿಡಿದೆ. "ಆ ವೈರ್ ಜೋಡ್ಸು ಮಾರಾಯ. ಟೀ ಅಂಗ್ಡಿ ಅಣ್ಣನ್ ನೋಡ್ಲಿಲ್ವಾ ನೀನು?"

ಅವನು ತೋಳು ಬಿಡಿಸಿಕೊಂಡ. "ಅದು ಫ್ರಿಜ್ಜು ಗುರು. ಇದು ಮೈಕು. ಮುಟ್ಟಿ ನೋಡ್ದೆ ಅಲ್ವಾ, ಇರುವೆ ಕಡ್ದಂಗ್ ಅಂತು ಅಷ್ಟೇ."

"ಒಣ ನೆಲದಲ್ಲಿ ಇರುವೆ. ಮಳೆ ಬಂದ್ರೆ?"

"ಅವ್ರು ಹಾಡ್ದಾಗ್ಲೂ ಮಳೆ ಇತ್ತು. ಆರನೇ ಹಾಡಲ್ಲಿ ಕೇಳಲ್ವಾ? ಏನಾಯ್ತು?" ಆಮೇಲೆ ಎಲ್ಲರಿಗೂ ಕೇಳುವಂತೆ, "ನೋಡ್ರಪ್ಪಾ, ಬಸ್ಸಲ್ಲಿ ಓದಿ ಪಾಸ್ ಆದೋರು ಈಗ ಕರೆಂಟ್ ಇಂಜಿನಿಯರ್ ಆಗವ್ರೆ," ಅಂದ. ಮೆಟ್ಟಿಲ ತುಂಬ ನಗು.

ಆ ವಾರ ನಾನು ಹಾಡುವವನಿಗೇ ಒಂದು ಸಂದೇಶ ಕಳಿಸಿದೆ. ಟೈಪು ಮಾಡಲು ಊಟದ ಬಿಡುವು ಪೂರ್ತಿ ಹಿಡಿಯಿತು. ವೈರು ಕತ್ತರಿಸಿದ್ದಾರೆ, ಮೈಕು ಕೈಯಲ್ಲಿ ಹಿಡಿಯಬೇಡಿ, ರಬ್ಬರ್ ಚಪ್ಪಲಿ ಹಾಕಿಕೊಳ್ಳಿ ಎಂದು ಬರೆದೆ. ಸಂಜೆ ಉತ್ತರ ಬಂತು. "ಇಷ್ಟ್ ವರ್ಷ ಕಚ್ಚಿದೆ, ಸಾಯ್ಸಿಲ್ವಲ್ಲಣ್ಣ." ಅದರ ಮುಂದೆ ನಗುವ ಮುಖದ ಚಿತ್ರಗಳು. ಆ ಚಿತ್ರಗಳನ್ನು ನೋಡುತ್ತಾ ಕೂತೆ. ನಗು ಮೊದಲೇ ಬಂದುಬಿಟ್ಟಿತ್ತು.

ಕಾರ್ಯಕ್ರಮದ ದಿನ ಮಧ್ಯಾಹ್ನ ಬೆಟ್ಟದ ಕಡೆಯಿಂದ ಮೋಡ ಕಟ್ಟಿತ್ತು. ನಾನು ಹಳೆಯ ಬಸ್ಸಿನ ರಬ್ಬರ್ ಮ್ಯಾಟು ಒಂದನ್ನು ಸುತ್ತಿಕೊಂಡು ಹೋಗಿದ್ದೆ. ಹಾಡುವವನ ಕಾಲಡಿ ಹಾಕಬೇಕು ಎಂದು. ಮೆಟ್ಟಿಲ ಬುಡದಲ್ಲಿಯೇ ಚಪ್ಪಲಿಗಳ ರಾಶಿ. ಮೊದಲು ಹಾಡಿದಾಗ ಅವರು ಬರಿಗಾಲಲ್ಲಿದ್ದರು, ಈಗಲೂ ಎಲ್ಲರೂ ಬರಿಗಾಲಲ್ಲೇ ಇರಬೇಕು ಎಂದು ಗುಂಪಿನಲ್ಲಿ ತೀರ್ಮಾನವಾಗಿತ್ತು. ಮೇಲೆ ಹೋಗಿ ನೋಡಿದರೆ ನೆಲ ಮಿರಿಮಿರಿ ಮಿಂಚುತ್ತಿತ್ತು. ಯಾರೋ ಭಕ್ತಿಯಿಂದ ಬೆಳಿಗ್ಗೆಯೇ ಬಂದು ತೊಳೆದಿದ್ದರು. ಮೋಡದ ದಿನ, ಆರಿರಲಿಲ್ಲ. ನಡೆದರೆ ಕಾಲಿಗೆ ತಣ್ಣಗೆ ಅಂಟುತ್ತಿತ್ತು.

ಮ್ಯಾಟು ಹಾಸಲು ಹೋದೆ. ಗೆಳೆಯ ಬಂದು ಅದನ್ನು ಸುತ್ತಿ ನನ್ನ ಕೈಗೇ ಕೊಟ್ಟ. "ಬೇಡ ಗುರು. ವಿಡಿಯೋದಲ್ಲಿ ಕಾಣ್ತದೆ. ಆವಾಗ ಇರ್ಲಿಲ್ಲ ಇದು."

ಅವನ ದನಿಯಲ್ಲಿ ಕೋಪವಿರಲಿಲ್ಲ. ಮದುವೆ ಮನೆಯಲ್ಲಿ ಎಲ್ಲ ಸರಿಯಾಗಿ ಆಗಲಿ ಎಂದು ಓಡಾಡುವವನ ಗಾಬರಿ ಇತ್ತು.

ಬ್ಯಾಂಡಿನವರು ಬಂದರು. ಹಾಡುವವನನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಕೂದಲು ಅಲ್ಲಲ್ಲಿ ನರೆತಿತ್ತು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವನು ನೆಲದ ತೇವ ತಾಗಿ ಒಂದು ಕ್ಷಣ ನಿಂತ. ಆಮೇಲೆ ಎಲ್ಲರಿಗೂ ಕೈ ಮುಗಿದ. ಗೋಡೆಗೆ ಆನಿಕೊಂಡು, ಬಾಗಿಲ ತುಂಬ, ಹೊರಗೆ ತಾರಸಿಯ ತುಂಬ ಜನ. ಆಂಪ್ಲಿಫೈಯರಿನ ದೀಪ ಹತ್ತಿತು. ಗುಂಯ್. ಹೋ ಎಂದರು.

ಮೊದಲ ಹಾಡು. ಮೈಕು ಸ್ಟ್ಯಾಂಡಿನಲ್ಲಿಯೇ ಇತ್ತು. ಅವನು ಅದನ್ನು ಮುಟ್ಟದೆ, ಎರಡೂ ಕೈ ಹಿಂದೆ ಕಟ್ಟಿಕೊಂಡು ಹಾಡಿದ. ಚೆನ್ನಾಗಿ ಹಾಡಿದ. ಕುಕ್ಕರ್ ಕೂಗುವ ಜಾಗದಲ್ಲಿ ಎಲ್ಲರೂ ಬಾಯಲ್ಲಿ ಕೂಗಿದರು. ಎರಡನೆಯ ಹಾಡಿನಲ್ಲಿ ಡ್ರಮ್ಮಿನವನು ಬೇಕೆಂದೇ ಕಡ್ಡಿ ಬೀಳಿಸಿದ. ಮೂರನೆಯ ಹಾಡಿನ ಹೊತ್ತಿಗೆ ಶೀಟಿನ ಮೇಲೆ ಟಪ್ ಟಪ್ ಎಂದು ಹನಿ ಬೀಳತೊಡಗಿತು. ಗುಂಯ್ ಸ್ವಲ್ಪ ಜೋರಾಯಿತು ಅನ್ನಿಸಿತು. ನನಗೆ ಮಾತ್ರ ಅನ್ನಿಸಿತೋ ಏನೋ. ಹಾಡುವವನ ಕಣ್ಣು ಒಮ್ಮೆ ಆಂಪ್ಲಿಫೈಯರಿನ ಕಡೆ ಹೋಗಿ ಬಂತು.

ಮೂರನೆಯ ಹಾಡು ಮುಗಿಯುತ್ತಿದ್ದಂತೆ ಒಂದೊಂದಾಗಿ ಫೋನುಗಳು ಮೇಲೆದ್ದವು. ಯಾರೂ ಕೂಗುತ್ತಿರಲಿಲ್ಲ. ಈ ಸಲ ನಾವು 'ಸ್ಸ್' ಅನ್ನಬಾರದು, ಅವನೊಬ್ಬನದೇ ಕೇಳಬೇಕು ಎಂದು ಗೆಳೆಯ ಮೊದಲೇ ಎಲ್ಲರಿಗೂ ಹೇಳಿದ್ದ. ಅಷ್ಟು ಜನ ಅಷ್ಟು ಸುಮ್ಮನಿದ್ದದ್ದನ್ನು ನಾನು ಎಲ್ಲಿಯೂ ಕಂಡಿಲ್ಲ. ಎಲ್ಲರ ಕಣ್ಣೂ ಅವನ ಬಲಗೈಯ ಮೇಲೆ. ಅವನು ಆ ಕೈಯನ್ನು ಪ್ಯಾಂಟಿಗೆ ಒರೆಸಿದ. ಮತ್ತೆ ಒರೆಸಿದ.

ನಾನು ಜನರನ್ನು ತಳ್ಳಿಕೊಂಡು ಮೆಟ್ಟಿಲಿಳಿದೆ. ಮೀಟರ್ ಬೋರ್ಡು ಕೆಳಗಿನ ಜಗಲಿಯಲ್ಲಿತ್ತು. ಮನೆಯ ತಾಯಿ ಅಲ್ಲೇ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು.

"ಅವ್ವಾ, ಮೇಲಿನ್ ರೂಮಿಂದ್ ಫ್ಯೂಸ್ ಯಾವ್ದು?"

ನನ್ನ ಮುಖ ನೋಡಿದವರು ಯಾಕೆ ಎಂದು ಕೇಳಲಿಲ್ಲ. "ಆ ಕೊನೇದು. ಒಣ ಬಟ್ಟೇಲಿ ಇಡ್ಕೊ." ತಮ್ಮ ಪಕ್ಕದಲ್ಲಿದ್ದ ಟವೆಲ್ಲು ಕೊಟ್ಟರು.

ಬಿಳಿ ಪಿಂಗಾಣಿಯ ಫ್ಯೂಸು. ಕಿತ್ತೆ. ಮೇಲೆ ಗುಂಯ್ ನಿಂತುಹೋಯಿತು. ಅದು ನಿಂತ ಮೇಲೆ ಮಳೆಯ ಸದ್ದು ಎಷ್ಟಿತ್ತೆಂದು ಗೊತ್ತಾಯಿತು.

ಅವನು ಅಷ್ಟರಲ್ಲಿ ಮೈಕು ಮುಟ್ಟಿದ್ದನೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಮೇಲಿನಿಂದ ಯಾವ ಸದ್ದೂ ಇಲ್ಲ. ಟವೆಲ್ಲಿನಲ್ಲಿ ಫ್ಯೂಸು ಸುತ್ತಿಕೊಂಡು ಏನಾದರೊಂದು ಸದ್ದಿಗೆ ಕಾಯುತ್ತಾ ನಿಂತೆ. ತಾಯಿಯೂ ಕೈಯಲ್ಲಿದ್ದ ಕಾಯಿ ಹಾಗೇ ಹಿಡಿದಿದ್ದರು. ಆಮೇಲೆ ಒಮ್ಮೆಲೇ ಗಲಾಟೆ, ಕಾಲುಗಳ ಸದ್ದು. ಗೆಳೆಯ ಮೊದಲು ಇಳಿದು ಬಂದ. ನನ್ನ ಕೈ ನೋಡಿದ.

"ನೀನಾ?"

"ನಾನೇ."

"ಕೊಡು."

"ವೈರ್ ಜೋಡ್ಸು, ಕೊಡ್ತೀನಿ."

"ಜೋಡ್ಸುದ್ರೆ ಗುಂಯ್ ಇರಲ್ಲ ಕಣೋ. ನಾಳಿದ್ದು ರೂಮ್ ಒಡೀತಾರೆ. ಇನ್ಯಾವಾಗ್?" ಅವನು ನನ್ನನ್ನು ಕಣೋ ಎಂದದ್ದು ಅದೇ ಮೊದಲು. "ನಿಂಗ್ ಇದನ್ ಕೇಳ್ಸಿದ್ದೇ ನಾನು."

ಅವನು ಅಂದದ್ದು ನಿಜವೇ ಅಲ್ಲವೇ.

ಅಷ್ಟರಲ್ಲಿ ಹಾಡುವವನು ಇಳಿದು ಬಂದ. ಏನೂ ಆಗಿರಲಿಲ್ಲ. ಮುಟ್ಟುವ ಮೊದಲೇ ಕರೆಂಟು ಹೋಗಿತ್ತಂತೆ. ಗೆಳೆಯನಿಗೆ "ಒಂದ್ ನಿಮಿಷ ಮೇಲಿರಿ ಬ್ರದರ್, ಬಂದೆ," ಎಂದು ಕಳಿಸಿ, ಜಗಲಿಯ ಕಟ್ಟೆಯ ಮೇಲೆ ಕೂತ. ತಾಯಿ ಅವನನ್ನು ನೋಡಿ, "ಇನ್ನೂ ಬುದ್ಧಿ ಬರ್ಲಿಲ್ವೇನೋ ನಿಂಗೆ," ಅಂದರು. ಅವನು ತಲೆ ತಗ್ಗಿಸಿ ನಕ್ಕ. ಆಮೇಲೆ ನನಗೆ ಹೇಳಿದ.

"ಮೆಸೇಜ್ ಹಾಕಿದ್ದು ನೀವೇ ಅಲ್ವಾ ಅಣ್ಣ? ಅವತ್ತು ರೆಕಾರ್ಡ್ ಮಾಡಿದ್ ದಿನ ಕೈ ಬಿಡ್ಸ್ಕೊಳಕ್ ಆಗ್ಲಿಲ್ಲ ನಂಗೆ. ಒಂದ್ ಕ್ಷಣ. ಅಲ್ಲಿ ಗ್ಯಾಪ್ ಇದ್ಯಲ್ಲ, ಅದು ಅದೇ. ಆಮೇಲೆ ನಕ್ಕಿದ್ದು, ಬದುಕ್ಕೊಂಡೆ ಅಂತ."

"ಮತ್ ಇವತ್ ಯಾಕ್ ಒಪ್ಪುದ್ರಿ?"

ಅವನು ಮೇಲೆ ನೋಡಿದ. ಮೆಟ್ಟಿಲ ತಿರುವಿನಲ್ಲಿ ಫೋನು ಹಿಡಿದ ಕೈಗಳು ಬಗ್ಗಿ ಕಾಯುತ್ತಿದ್ದವು. "ಅವ್ರು ಹಾಡಿಗ್ ಬಂದಿಲ್ಲ ಅಣ್ಣ. ಆ 'ಸ್ಸ್' ಕೇಳಕ್ ಬಂದಿರೋದು. ಎಲ್ ಹೋದ್ರೂ ಅದಕ್ಕೇ ಬರೋದು." ಆಮೇಲೆ ನನ್ನ ಕೈಯ ಟವೆಲ್ಲಿನ ಕಡೆ ನೋಡಿ, "ಹಾಕ್ಬುಡಿ ಫ್ಯೂಸ್ನ. ಕಾಯ್ತಾವ್ರೆ. ಒಂದ್ ಸಲ ಅಷ್ಟೇ," ಅಂದ.

ನಾನು ಕೊಡಲಿಲ್ಲ. ನನ್ನದು ಧೈರ್ಯವೂ ಅಲ್ಲ, ಏನೂ ಅಲ್ಲ. ನನ್ನ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. ಅವನು ಮತ್ತೆ ಕೇಳಲಿಲ್ಲ. ಎದ್ದು ಹೋಗಿ, ನಾಲ್ಕನೆಯದನ್ನು ಬಿಟ್ಟು ಉಳಿದ ಹಾಡುಗಳನ್ನು ಕರೆಂಟಿಲ್ಲದೆ ಹಾಡಿದ. ಮಳೆ ಜೋರಾಗಿ ಶೀಟಿನ ಮೇಲೆ ಬೀಳುತ್ತಿತ್ತು. ಅವನ ದನಿ ಬಾಗಿಲಿಗೂ ಬರಲಿಲ್ಲವಂತೆ. ಅರ್ಧ ಜನ ಐದನೆಯ ಹಾಡಿಗೇ ಎದ್ದು ಹೋದರು. ಚಪ್ಪಲಿ ಹುಡುಕುತ್ತಾ ನನ್ನ ಮುಂದೆಯೇ ಒಬ್ಬರು, "ಯಾವನೋ ಗೂಬೆ ಫ್ಯೂಸ್ ಕಿತ್ತವ್ನೆ," ಎಂದು ಬೈದುಕೊಂಡರು.

ಅಂದೇ ನನ್ನನ್ನು ಗುಂಪಿನಿಂದ ತೆಗೆದರು. ಬಸ್ಸಿನಲ್ಲಿ ಗೆಳೆಯ ಈಗ ಹಿಂದಿನ ಸೀಟಿಗೆ ಹೋಗಿ ಕೂರುತ್ತಾನೆ. ಒಂದು ದಿನ ನಾನೇ ಹೋಗಿ ಅವನ ಪಕ್ಕ ನಿಂತೆ. ಕಿಟಕಿಯ ಕಡೆ ನೋಡುತ್ತಲೇ ಹೇಳಿದ: "ಏನೂ ಆಯ್ತಿರ್ಲಿಲ್ಲ." ಆಗುತ್ತಿತ್ತು ಎಂದು ತೋರಿಸಲು ನನ್ನ ಕೈಯಲ್ಲಿ ಏನಿದೆ? ಏನೂ ಆಗದೇ ಇದ್ದದ್ದು ಮಾತ್ರ ಇದೆ.

ಶೀಟಿನ ರೂಮು ಒಡೆದರು. ಆಂಪ್ಲಿಫೈಯರು ಗೆಳೆಯನ ಮನೆಯಲ್ಲಿದೆ. ಗುಂಪಿನಲ್ಲಿ ಇನ್ನೂ ಇರುವ ಒಬ್ಬರು ಮೊನ್ನೆ ಹೇಳಿದರು, ಕೆಸರೆಯ ತಾರಸಿಯ ಮೇಲೆಯೇ ಶೀಟು ಹೊದಿಸಿ ಅಂಥದೇ ಒಂದು ರೂಮು ಕಟ್ಟಿದ್ದಾರಂತೆ, ನಾಲ್ಕನೆಯ ಹಾಡು ಬಾಕಿ ಉಳಿದಿದೆಯಂತೆ, ಹಾಡುವವನು ಒಪ್ಪಿದ್ದಾನಂತೆ. ಯಾವ ಭಾನುವಾರ ಎಂದು ಅವರು ಹೇಳಲಿಲ್ಲ. ನನಗೆ ಹೇಳಬಾರದು ಎಂದು ತೀರ್ಮಾನವಾಗಿದೆ. ಹಾಡುವವನಿಗೆ ಮತ್ತೆ ಬರೆದೆ. ಓದಿದ ಗುರುತು ಬಂದಿದೆ, ಉತ್ತರ ಬಂದಿಲ್ಲ. ಮಳೆಗಾಲ ಇನ್ನೂ ಮುಗಿದಿಲ್ಲ. ಭಾನುವಾರ ಸಂಜೆ ಆ ಬೀದಿಯಲ್ಲಿ ನಡೆದು ಹೋಗುತ್ತೇನೆ. ಆ ಮನೆಯ ಮೀಟರ್ ಬೋರ್ಡು ಬಾಗಿಲ ಒಳಗಿದೆ, ನನ್ನ ಕೈಗೆ ಸಿಗುವಂಥದ್ದಲ್ಲ.

ಓದಿದವರಲ್ಲಿ ನನ್ನದೊಂದು ವಿನಂತಿ. ನಿಮಗೂ ಪ್ರಾಣಕ್ಕಿಂತ ಹೆಚ್ಚಾದ ಯಾವುದೋ ಹಳೆಯ ಹಾಡು, ಹಳೆಯ ಧ್ವನಿಮುದ್ರಣ ಇದ್ದೀತು. ಅದರಲ್ಲಿ ಎಲ್ಲರೂ ನಗುವ ಒಂದು ಜಾಗದಲ್ಲಿ ನಿಮಗೊಬ್ಬರಿಗೇ ಭಯವಾಗಿದ್ದುಂಟೇ? ಆಗ ಜೊತೆಯವರಿಗೆ ಏನು ಹೇಳಿದಿರಿ, ಅವರು ಹೇಗೆ ಕೇಳಿದರು? ದಯವಿಟ್ಟು ಬರೆಯಿರಿ, ಎರಡು ಸಾಲಾದರೂ ಸಾಕು. ನನ್ನ ಗೆಳೆಯನಿಗೆ ಹೇಗೆ ಹೇಳಬೇಕೆಂದು ಅದರಿಂದ ನನಗೆ ಗೊತ್ತಾದೀತು. ಮುಂದಿನ ಭಾನುವಾರದೊಳಗೆ ಬರೆದರೆ ಇನ್ನೂ ಒಳ್ಳೆಯದು.